ಪಾಪ್ಲರ್ ಸೌದೆ ಉರಿಯುವುದಿಲ್ಲವೇ?

ಪ್ರಶ್ನೆ: ಮಗ, ಸೊಸೆ ಕೆನಡಾದ ಎಡ್ಮಂಟನ್ ನಗರದಾಚೆ ಮನೆ ಕೊಂಡಿದ್ದಾರೆ. ಹಿತ್ತಿಲ ತುಂಬ ಪಾಪ್ಲರ್ ಮರಗಳಂತೆ. ಕಡಿದು ಸೌದೆ ಮಾಡಿಕೊಳ್ಳೋಣ ಎಂದರೆ, ‘ಅದು ಸೌದೆಯೇ ಅಲ್ಲ, ಬರೀ ಬೂದಿ’ ಎಂದು ನೆರೆಯವರು ನಗುತ್ತಾರಂತೆ. ನಿಜವೇ? ಈ ಮರವನ್ನು ನಮ್ಮ ತೋಟದಂಚಿಗೆ ಹಾಕಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಗುವವರ ಒಲೆಯಲ್ಲೂ ಪಾಪ್ಲರ್ ಉರಿಯುತ್ತಿರುತ್ತದೆ, ಅನುಮಾನ ಬೇಡ. ಅಲ್ಬರ್ಟಾದ ಆ ಭಾಗದಲ್ಲಿ ಎಲ್ಲಿ ನೋಡಿದರೂ ಅದೇ ಮರ. ಆದರೆ ಅದಕ್ಕೆ ಕೆಟ್ಟ ಹೆಸರು ಬಂದಿರುವುದು ಸುಮ್ಮನೆ ಅಲ್ಲ.

ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ, ಯಾವ ಮರದ್ದೇ ಆಗಲಿ, ಹೆಚ್ಚುಕಡಿಮೆ ಒಂದೇ ಪ್ರಮಾಣದ ಶಾಖ ಕೊಡುತ್ತದೆ. ಜಾಲಿ, ಹುಣಸೆಯ ಕೆಂಡ ಹೊತ್ತು ನಿಲ್ಲುವುದು ಆ ಮರ ಗಟ್ಟಿಯಾಗಿ, ಭಾರವಾಗಿ ಇರುವುದರಿಂದ. ಪಾಪ್ಲರ್ ಹಗುರ. ಕೆನಡಾದಲ್ಲಿ ಸೌದೆ ಮಾರುವುದು ತೂಕದ ಮೇಲಲ್ಲ, ಒಟ್ಟಿಲಿನ ಅಳತೆಯ ಮೇಲೆ: ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ, ಎಂಟು ಅಡಿ ಉದ್ದದ ಒಟ್ಟಿಲಿಗೆ ಒಂದು ‘ಕಾರ್ಡ್’ ಎನ್ನುತ್ತಾರೆ. ಒಂದು ಕಾರ್ಡ್ ಪಾಪ್ಲರ್ ಸುಟ್ಟರೆ ಅಷ್ಟೇ ಬರ್ಚ್ ಸೌದೆಯ ಸುಮಾರು ಶೇ 70ರಷ್ಟು ಶಾಖ ಸಿಗುತ್ತದೆ. ಅದೇ ದುಡ್ಡು ಕೊಟ್ಟು ಕೊಂಡವನಿಗೆ ನಷ್ಟವೇ. ಹಿತ್ತಿಲಿನದನ್ನು ಕಡಿಯುವವನಿಗೆ ಮೂರರ ಬದಲು ನಾಲ್ಕು ಸಲ ಒಲೆ ತುಂಬುವ ಕೆಲಸ, ಅಷ್ಟೇ.

ಈ ಮರದ ನಿಜವಾದ ತೊಂದರೆ ನೀರು. ಹಸಿ ಆಸ್ಪೆನ್‌ನಲ್ಲಿ (ಅಲ್ಲಿಯವರು ಪಾಪ್ಲರ್ ಎನ್ನುವುದು ಹೆಚ್ಚಾಗಿ ಇದನ್ನೇ) ಮರದ ತೂಕದಷ್ಟೇ ನೀರಿರುತ್ತದೆ. ಎರಡು ಕಿಲೋ ಹಸಿ ತುಂಡು ಒಲೆಗೆ ಹಾಕಿದರೆ ಒಳಗೆ ಹೋಗುವುದು ಒಂದು ಕಿಲೋ ಮರ, ಒಂದು ಲೀಟರ್ ನೀರು. ಆ ನೀರನ್ನು ಆವಿ ಮಾಡುವುದಕ್ಕೇ ಮರದ ಶಾಖದ ಏಳನೇ ಒಂದು ಪಾಲು ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಬೆಂಕಿ ತಣ್ಣಗಾಗಿ, ಅರೆಬರೆ ಉರಿದ ಹೊಗೆ ಮೇಲೇರಿ, ಹೊಗೆಕೊಳವೆಯ ಒಳಗೋಡೆಗೆ ಟಾರಿನಂಥ ಮಸಿ ಮೆತ್ತಿಕೊಳ್ಳುವುದು. ಮುಂದೊಂದು ದಿನ ಜೋರಾಗಿ ಉರಿಹಾಕಿದಾಗ ಆ ಮಸಿಗೇ ಕಿಡಿ ಹೊತ್ತುತ್ತದೆ. ಮನೆಗಳು ಸುಟ್ಟುಹೋಗುವುದು ಹೀಗೆ. ಕಡಿದ ತಿಂಗಳಲ್ಲೇ ಒಲೆಗೆ ತುರುಕಿ ಮರವನ್ನು ಬೈಯುವವರು ಎಲ್ಲ ಊರಲ್ಲೂ ಇದ್ದಾರೆ.

ಕಡಿಯಲು ಚಳಿಗಾಲ ಒಳ್ಳೆಯದು. ಎಲೆ ಉದುರಿರುತ್ತದೆ, ನೆಲ ಹೆಪ್ಪುಗಟ್ಟಿ ದಿಮ್ಮಿ ಎಳೆಯಲು ಸಲೀಸು. ಚಳಿಗಾಲದಲ್ಲಿ ರಸವೆಲ್ಲ ಬೇರಿಗಿಳಿದು ಕಾಂಡ ಒಣಗಿರುತ್ತದೆ ಎಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ನಿಮ್ಮ ಮಗ ಮೊದಲು ನೋಡಬೇಕಾದ್ದು ಕಾಂಡದ ಮೇಲೆ ಗೊರಸಿನಾಕಾರದ ಗಟ್ಟಿ ಅಣಬೆ ಎದ್ದಿದೆಯೇ ಎಂದು. ವಯಸ್ಸಾದ ಆಸ್ಪೆನ್‌ಗೆ ತಿರುಳು ಕೊಳೆಯುವ ರೋಗ ಸಾಮಾನ್ಯ, ಹೊರಗೆ ಹಸಿರಾಗಿದ್ದರೂ ಒಳಗೆ ಪೊಳ್ಳು. ಅಂಥ ಮರ ಅಂದುಕೊಂಡ ಕಡೆ ಬೀಳುವುದಿಲ್ಲ. ವಾಲಿದ ಮರ ಇನ್ನೂ ಅಪಾಯ: ಹಿಂದಿನಿಂದ ಗರಗಸ ಅರ್ಧ ಹೋಗುವಷ್ಟರಲ್ಲಿ ಕಾಂಡ ಉದ್ದಕ್ಕೆ ಸೀಳಿ, ಹಿಂಭಾಗ ಕಡಿಯುವವನ ಮುಖಕ್ಕೆ ಎಗರುತ್ತದೆ. ಇಂಥ ಮರಗಳನ್ನೂ, ಮನೆ ಅಥವಾ ಕರೆಂಟು ತಂತಿಯ ಪಕ್ಕದವನ್ನೂ ಕಸುಬುದಾರರಿಗೇ ಬಿಡಲಿ. ಕೂಲಿ ದುಬಾರಿಯಾದರೂ ಸರಿ.

ಕೆಡವಿದ ಮೇಲೆ ತಡಮಾಡಬಾರದು. ಪಾಪ್ಲರ್ ತೊಗಟೆ ಒಳಗಿನ ನೀರನ್ನು ಹೊರಬಿಡುವುದಿಲ್ಲ. ದುಂಡಾಗಿಯೇ ನೆಲದ ಮೇಲೆ ಬಿಟ್ಟ ತುಂಡು ಒಣಗುವ ಬದಲು ಮೆದುವಾಗಿ ಕೊಳೆಯತೊಡಗುತ್ತದೆ. ಒಲೆಯ ಅಳತೆಗೆ, ಸುಮಾರು 40 ಸೆಂಟಿಮೀಟರಿಗೆ, ಕತ್ತರಿಸಿ ಕೂಡಲೇ ಸೀಳಬೇಕು. ಹೆಪ್ಪುಗಟ್ಟಿದ ಆಸ್ಪೆನ್, ಗಂಟಿಲ್ಲದ ಕಡೆ, ಒಂದೇ ಕೊಡಲಿಯೇಟಿಗೆ ಎರಡಾಗುತ್ತದೆ. ಒರಟು ಸೀಳುತೊಗಟೆಯ ಬಾಲ್ಸಮ್ ಪಾಪ್ಲರೂ ಅಲ್ಲಿದೆ. ಅದು ನಾರುನಾರು, ಬೆಣೆ ಬೇಕಾದೀತು, ಒಣಗುವುದೂ ನಿಧಾನ. ಸೀಳಿದ್ದನ್ನು ಅಡಿಗೆ ಕೊರಡು ಹಾಕಿ ನೆಲದಿಂದೆತ್ತಿ, ಗಾಳಿಯಾಡುವಂತೆ ಸಾಲಾಗಿ ಒಟ್ಟಬೇಕು. ಮೇಲ್ಭಾಗ ಮಾತ್ರ ಮುಚ್ಚಬೇಕು. ಸುತ್ತ ಟಾರ್ಪಾಲು ಬಿಗಿದರೆ ಅಷ್ಟೂ ಶ್ರಮ ವ್ಯರ್ಥ. ಎಡ್ಮಂಟನ್ನಿನ ಬೇಸಿಗೆಯ ಹಗಲು ಬಹಳ ದೀರ್ಘ, ಹೀಗೆ ಒಟ್ಟಿದ ಆಸ್ಪೆನ್ ಒಂದೇ ಬೇಸಿಗೆಯಲ್ಲಿ ಹದಕ್ಕೆ ಬರುತ್ತದೆ. ತೇವ ಅಳೆಯುವ ಪುಟ್ಟ ಯಂತ್ರ ಸಿಗುತ್ತದೆ. ಒಂದು ತುಂಡನ್ನು ಮತ್ತೆ ಸೀಳಿ, ಒಳಮೈಗೆ ಅದರ ಮುಳ್ಳು ಊರಿ ನೋಡಲಿ. ಶೇ 20ಕ್ಕಿಂತ ಕಡಿಮೆ ತೋರಿಸಿದರೆ ಒಲೆಗೆ ಹಾಕಬಹುದು.

ಒಣಗಿದ ಪಾಪ್ಲರ್ ಬೇಗ ಹೊತ್ತಿಕೊಳ್ಳುತ್ತದೆ. ಸಂಜೆ ಒಂದಿಷ್ಟು ಬಿಸಿ ಸಾಕೆನಿಸುವ ಅಕ್ಟೋಬರ್, ಏಪ್ರಿಲ್‌ಗೆ ಅದಕ್ಕಿಂತ ಒಳ್ಳೆಯ ಸೌದೆ ಇಲ್ಲ ಎಂದೇ ನನ್ನ ಅಭಿಪ್ರಾಯ. ಜನವರಿಯ ಮೈನಸ್ ಮೂವತ್ತರ ರಾತ್ರಿಗೆ ನಾಲ್ಕು ತುಂಡು ಬರ್ಚ್ ಕೊಂಡಿಟ್ಟುಕೊಳ್ಳಲಿ.

ಇನ್ನೊಂದು ಮಾತು. ಆಸ್ಪೆನ್ ಕಡಿದರೆ ಹೋಗುವುದಿಲ್ಲ, ಬೇರಿನಿಂದ ಹಿತ್ತಿಲ ತುಂಬ ಹೊಸ ಸಸಿಗಳು ಏಳುತ್ತವೆ. ಅಮೆರಿಕದ ಯೂಟಾ ರಾಜ್ಯದಲ್ಲಿ ‘ಪ್ಯಾಂಡೊ’ ಎಂಬ ಆಸ್ಪೆನ್ ತೋಪಿದೆ. ಸುಮಾರು 43 ಹೆಕ್ಟೇರಿನಲ್ಲಿ ಹರಡಿದ ನಲವತ್ತು ಸಾವಿರಕ್ಕೂ ಹೆಚ್ಚು ಕಾಂಡಗಳು ಒಂದೇ ಬೇರಿನ ಸಂತಾನ. ಚಳಿಗಾಲದಲ್ಲಿ ಕಡಿದರೆ ಬೇರಿನಲ್ಲಿ ದಾಸ್ತಾನು ಇರುವುದರಿಂದ ಚಿಗುರು ಇನ್ನೂ ಜೋರು. ಸೌದೆ ತೋಪು ಬೇಕಿದ್ದವರಿಗೆ ಇದು ವರ, ಹುಲ್ಲುಹಾಸು ಬೇಕಿದ್ದವರಿಗೆ ಕಾಟ.

ಇನ್ನು ನಿಮ್ಮ ತೋಟ. ಭಾರತದಲ್ಲಿ ಪಾಪ್ಲರ್ ಬೇಸಾಯ ಹೆಚ್ಚಾಗಿ ಇರುವುದು ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶ, ಉತ್ತರಾಖಂಡದ ತರಾಯಿಯಲ್ಲಿ. ಗೋಧಿ ಗದ್ದೆಯ ಬದುವಿನಲ್ಲಿ ಬೆಳೆದು ಯಮುನಾನಗರದ ಪ್ಲೈವುಡ್ ಕಾರ್ಖಾನೆಗಳಿಗೆ ಕೊಡುತ್ತಾರೆ; ರೆಂಬೆ, ಬೇರು ಮಾತ್ರ ಒಲೆಗೆ. ಎಲೆ ಉದುರಿಸಿ ಮಲಗಲು ಆ ಮರಕ್ಕೆ ನಿಜವಾದ ಚಳಿಗಾಲ ಬೇಕು, ಅದು ಮಲೆನಾಡಿನಲ್ಲಿಲ್ಲ. ತೋಟದಂಚಿಗೆ ಸಿಲ್ವರ್ ಓಕ್ ಹಾಕಿ, ಮೆಣಸಿನ ಬಳ್ಳಿಯಾದರೂ ಹಬ್ಬಿಸಬಹುದು.