ಕ್ಯಾಮೆರಾ ವೈಫೈಗೆ ಸೇರುತ್ತಿಲ್ಲವೇ?

ಹೊಸ ವೈಫೈ ಕ್ಯಾಮೆರಾಕ್ಕೆ ಗೋಡೆ ಕೊರೆಯುವ ಮೊದಲು ಒಂದು ಮಾತು. ರೌಟರ್ ಪಕ್ಕದ ಮೇಜಿನ ಮೇಲಿಟ್ಟೇ ಅದನ್ನು ಜೋಡಿಸಿ ನೋಡಿ. ಏಣಿಯ ಮೇಲೆ ನಿಂತು ಪಾಸ್‌ವರ್ಡ್ ಒತ್ತುವ ಸರ್ಕಸ್ ಯಾಕೆ?

ಸೇರಲಿಲ್ಲವೆಂದು ತಕ್ಷಣ ಅಂಗಡಿಗೆ ಓಡಬೇಡಿ. ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಸಿಗುತ್ತದೆ. ಈಗಿನ ಎಷ್ಟೋ ರೌಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ತೋರಿಸುತ್ತವೆ. ಫೋನು 5ರಲ್ಲಿ ಆರಾಮಾಗಿರುತ್ತದೆ, ಕ್ಯಾಮೆರಾ ಮಾತ್ರ ಕೆಂಪು ದೀಪ ಮಿಟುಕಿಸುತ್ತಾ ಕೂರುತ್ತದೆ. ರೌಟರ್ ತಳದ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದು ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ, ಫೋನನ್ನು 2.4ಕ್ಕೆ ಹಾಕಿ ಮತ್ತೆ ಜೋಡಿಸಿ. ರೌಟರ್‌ನ ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಡಬ್ಲ್ಯೂಪಿಎ3 ಮಾತ್ರ ಎಂದಿದ್ದರೆ ಡಬ್ಲ್ಯೂಪಿಎ2 ಕೂಡ ನಡೆಯುವಂತೆ ಮಾಡಿ. ಜೋಡಿಸುವಷ್ಟು ಹೊತ್ತು ಫೋನಿನ ಲೊಕೇಶನ್ ಆನ್, ಮೊಬೈಲ್ ಡೇಟಾ ಮತ್ತು ವಿಪಿಎನ್ ಆಫ್ ಇರಲಿ.

ತನ್ನದೇ ಆ್ಯಪ್‌ನಲ್ಲಿ ಚೆನ್ನಾಗಿ ಕಾಣುವ ಕ್ಯಾಮೆರಾ ಅಲೆಕ್ಸಾದಲ್ಲಿ ಕಾಣದಿದ್ದರೆ ಸಾಮಾನ್ಯವಾಗಿ ವೈಫೈಯನ್ನು ಬೈಯಬೇಕಿಲ್ಲ. ಅಲೆಕ್ಸಾ ಆ್ಯಪ್‌ನಲ್ಲಿ ಕ್ಯಾಮೆರಾ ಕಂಪನಿಯ ಸ್ಕಿಲ್ ಆನ್ ಮಾಡಿ, ಕ್ಯಾಮೆರಾ ಆ್ಯಪ್‌ನ ಖಾತೆಯಿಂದಲೇ ಲಾಗಿನ್ ಆಗಿ, ಸಾಧನಗಳನ್ನು ಹುಡುಕಿಸಿ. ಪಾಸ್‌ವರ್ಡ್ ಬದಲಿಸಿದ ಮೇಲೆ ಈ ಕೊಂಡಿ ಕಳಚುವುದುಂಟು.

ರೀಸೆಟ್ ಕೊನೆಯ ಉಪಾಯ. ಪುಟ್ಟ ತೂತಿಗೆ ಪಿನ್ ಹಾಕಿ, ದೀಪ ಅಥವಾ ದನಿ ಬದಲಾಗುವವರೆಗೆ ಒತ್ತಿ ಹಿಡಿಯಿರಿ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಆದರೆ ಇದೂ ಸಾಲದಿರಬಹುದು: ಹಲವು ಕಂಪನಿಗಳ ಕ್ಯಾಮೆರಾಗಳು ರೀಸೆಟ್ ಆದರೂ ಹಳೆಯ ಮಾಲೀಕರ ಖಾತೆಗೇ ಅಂಟಿಕೊಂಡಿರುತ್ತವೆ. ದುಡ್ಡು ಎಣಿಸುವ ಮುಂಚೆಯೇ ಅವರ ಆ್ಯಪ್‌ನಿಂದ ಅದನ್ನು ತೆಗೆಸಿಕೊಳ್ಳಿ.