ಓರೆಬೆಳಕು

ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಬಿಸಿಲು ಬೆಳಗಿನ ಎಂಟು ಗಂಟೆಗೇ ಕಣ್ಣು ಕುಕ್ಕುತ್ತದೆ. ಶಾಲೆಯ ಮಕ್ಕಳಿಗೆ ಅದು ರಜೆಯ ಕಾಲ. ಶಾಸನಗಳನ್ನು ಅಭ್ಯಸಿಸುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾದರೋ ಅದೇ ದುಡಿಮೆಯ ಕಾಲ. ಹೊಲಗಳು ಬರಿದಾಗಿರುವುದರಿಂದ ಬೆಳೆಯ ನಡುವೆ ಮರೆಯಾಗಿದ್ದ ಕಲ್ಲುಗಳು ಆಗ ಕಣ್ಣಿಗೆ ಬೀಳುತ್ತವೆ.

ಅಂಥ ಒಬ್ಬ ವಿದ್ಯಾರ್ಥಿನಿ ಕಲಬುರಗಿಯಿಂದ ಬಂದು, ಸಹಪಾಠಿಯೊಬ್ಬಳೊಡನೆ ಬಸವಕಲ್ಯಾಣದ ಪರಿಚಿತರ ಮನೆಯಲ್ಲಿ ಇಳಿದುಕೊಂಡಿದ್ದಳು. ಬಸವಣ್ಣನವರ ಹೆಸರಿನೊಡನೆ ಬೆಸೆದುಕೊಂಡಿರುವ ಈ ಊರು ಅವರಿಗಿಂತ ಮೊದಲೇ ಚಾಲುಕ್ಯರ ರಾಜಧಾನಿಯಾಗಿತ್ತು. ಕವಿ ಬಿಲ್ಹಣನೂ ಮಿತಾಕ್ಷರದ ಕರ್ತೃ ವಿಜ್ಞಾನೇಶ್ವರನೂ ಇಲ್ಲಿಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವರು. 1076ರಲ್ಲಿ ಪಟ್ಟವೇರಿದ ಈ ದೊರೆ ಶಕವರ್ಷವನ್ನು ಬದಿಗಿರಿಸಿ, ತನ್ನ ಹೆಸರಿನ ಹೊಸ ವರ್ಷಗಣನೆಯನ್ನೇ ಆರಂಭಿಸಿದನು. ಅಂದು ಆಕೆಯನ್ನು ಕಾಡಿದ್ದೂ ಆ ಗಣನೆಯೇ.

ಗೆಳತಿಯರಿಬ್ಬರೂ ಹುಮನಾಬಾದಿನ ದಾರಿಯ ಒಂದು ಹಳ್ಳಿಯಲ್ಲಿ ಬಸ್ಸಿನಿಂದ ಇಳಿದರು. ಹೊಲದ ಬದುವಿನಲ್ಲಿ ಮೂಡಣ ದಿಕ್ಕಿಗೆ ಮುಖ ಮಾಡಿ ನಿಂತ ಕಲ್ಲನ್ನು ನೀರಿನಿಂದ ತೊಳೆದು, ನೆನೆಸಿದ ಕಾಗದವನ್ನು ಹೊದಿಸಿ, ಕಾಗದವು ಅಕ್ಷರಗಳ ತಗ್ಗಿನೊಳಗೆ ಇಳಿಯುವಂತೆ ಬ್ರಷ್ಷಿನಿಂದ ಮೆಲ್ಲಗೆ ಬಡಿದರು. ಬೇಸಗೆಯಲ್ಲಿ ಇದು ಸುಲಭವಲ್ಲ. ಒಂದು ತುದಿಯನ್ನು ಬಡಿಯುವಷ್ಟರಲ್ಲಿ ಇನ್ನೊಂದು ತುದಿ ಒಣಗಿ ಮೇಲೇಳುತ್ತದೆ. ಎರಡು ಹಾಳೆಗಳು ಕೆಟ್ಟವು. ಮೂರನೆಯದರ ಮೇಲೆ ಶಾಯಿಯ ಬಟ್ಟೆಗಂಟನ್ನು ಒತ್ತಿದಾಗ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡಿದವು. ಇದೇ ಶಾಸನದ ಪಡಿಯಚ್ಚು.

‘ಚಾಳುಕ್ಯ ವಿಕ್ರಮ ವರ್ಷ’ ಎಂಬುದು ಸ್ಪಷ್ಟವಾಗಿತ್ತು. ಮುಂದಿನ ಅಂಕಿ ಸವೆದುಹೋಗಿತ್ತು. ಸಂವತ್ಸರದ ಹೆಸರಿನಲ್ಲಿ ‘ನಂದ’ ಎಂಬ ಎರಡಕ್ಷರ ಮಾತ್ರ ಉಳಿದು, ಹಿಂದೆಯೂ ಮುಂದೆಯೂ ಕಲ್ಲು ನುಣುಪಾಗಿತ್ತು.

“ಅದು ಕುಡುಗೋಲು ಮಸಿಯೋ ಕಲ್ಲು ತಂಗಿ. ನಮ್ಮಪ್ಪನೂ ಇದ್ರ ಮ್ಯಾಲೇ ಮಸೀತಿದ್ದ” ಎಂದರು ಹೊಲದ ಒಡೆಯರಾದ ಮುದುಕರು.

“ಇನ್ನ ಮ್ಯಾಲೆ ಮಸೀಬ್ಯಾಡ್ರಿ ಮುತ್ಯಾ” ಎಂದು ಆಕೆ ಬೇಡಿಕೊಂಡಳು. ಮುದುಕರು ನಕ್ಕು, ಅವರಿಬ್ಬರಿಗೂ ಮಜ್ಜಿಗೆ ತರಿಸಿದರು.

ಬೇವಿನ ನೆರಳಿನಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿದರೂ ಆಕೆಯ ಮನಸ್ಸು ಲೆಕ್ಕದಲ್ಲಿಯೇ ಇತ್ತು. ಸಂವತ್ಸರಗಳು ಅರವತ್ತು. ವಿಕ್ರಮವರ್ಷದ ಮೊದಲನೆಯದು ನಳ. ಅಲ್ಲಿಂದ ಎಣಿಸಿದರೆ ‘ನಂದನ’ ಬರುವುದು 37ನೆಯ ವರ್ಷದಲ್ಲಿ, ಎಂದರೆ 1112ರಲ್ಲಿ. ‘ಆನಂದ’ ಬರುವುದು 59ನೆಯ ವರ್ಷದಲ್ಲಿ, ಎಂದರೆ 1134ರಲ್ಲಿ. ಮೊದಲನೆಯದಾದರೆ ಶಾಸನ ವಿಕ್ರಮಾದಿತ್ಯನ ಕಾಲದ್ದು. ಎರಡನೆಯದಾದರೆ ಅವನ ಮಗ, ಮಾನಸೋಲ್ಲಾಸವನ್ನು ರಚಿಸಿದ ಮೂರನೆಯ ಸೋಮೇಶ್ವರನ ಕಾಲದ್ದು.

“ನಂದನ ಎಂದೇ ಬರೆದುಬಿಡು. ವಿಕ್ರಮಾದಿತ್ಯನ ಶಾಸನಗಳೇ ಅಲ್ಲವೇ ಹೆಚ್ಚು?” ಎಂದಳು ಗೆಳತಿ. ಮಾತು ಸುಳ್ಳೇನಲ್ಲ, ಹಾಗೆ ಬರೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲವೇನೋ. ಆದರೆ ಅಚ್ಚಾದ ಊಹೆಯನ್ನು ಮುಂದಿನವರು ನಿಜವೆಂದೇ ಓದುತ್ತಾರೆ. ಆಕೆ ಎರಡು ಹೆಸರುಗಳನ್ನೂ ಕಂಸದೊಳಗೆ ಬರೆದು, ಪಕ್ಕದಲ್ಲಿ ಪ್ರಶ್ನೆಯ ಚಿಹ್ನೆಯನ್ನಿಟ್ಟಳು.

ಬಿಸಿಲು ಇಳಿದ ಮೇಲೆ ಅವರು ಹುಮನಾಬಾದಿಗೆ ಹೋಗಿ, ಅಲ್ಲಿಂದ ಅದೇ ತಾಲ್ಲೂಕಿನ ಜಲಸಂಗಿಗೆ ತಲುಪಿದರು. ಅಲ್ಲಿಯ ಶಿವಾಲಯದ ಹೊರಗೋಡೆಯಲ್ಲಿ ಒಬ್ಬ ಸುಂದರಿ ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಆಕೆ ಬರೆಯುತ್ತಿರುವುದು ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ರಾಜನ ಕೀರ್ತಿಯನ್ನು ಹೆಣ್ಣಿನ ಕೈಯಿಂದ ಬರೆಯಿಸಿದ ಆ ಶಿಲ್ಪಿಯ ಕಲ್ಪನೆಗೆ ಯಾರಾದರೂ ತಲೆದೂಗಬೇಕು. ಗೆಳತಿ ಶಿಲ್ಪದ ಒಡವೆಗಳನ್ನು ನೋಡುತ್ತಿದ್ದರೆ, ಈ ವಿದ್ಯಾರ್ಥಿನಿಯ ದೃಷ್ಟಿ ಅಕ್ಷರಗಳ ಮೇಲಿತ್ತು. ಸಂಜೆಯ ಓರೆಬೆಳಕಿನಲ್ಲಿ ಪ್ರತಿಯೊಂದು ಗೀರಿನ ಅಂಚಿಗೂ ತೆಳುವಾದ ನೆರಳು ಬಿದ್ದು, ಸವೆದ ಗೆರೆಗಳೂ ಎದ್ದು ಕಾಣುತ್ತಿದ್ದವು.

ಹೊಲದ ಕಲ್ಲನ್ನು ತಾವು ನೋಡಿದ್ದು ಸೂರ್ಯನು ಮೇಲೇರಿದ ಬಳಿಕ! ಅದರ ಮುಖವಿರುವುದು ಮೂಡಣಕ್ಕೆ.

ಬಸವಕಲ್ಯಾಣದ ಬಸ್ಸು ಹತ್ತಿದೊಡನೆ, ಚೀಟಿಗೆ ಹಣ ಕೊಡುವ ಮೊದಲೇ, ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಆಕೆ ಕಂಡಕ್ಟರನ್ನು ಕೇಳಿದಳು.