ಎಂ.ಎಸ್ಸಿಯ ದೊಡ್ಡ ಫೀಸು ರಸೀದಿಯಲ್ಲಿ ಇರುವುದಿಲ್ಲ

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡಬೇಕೆನ್ನುವವರು ಮೊದಲು ಕೇಳುವುದು ‘ಫೀಸು ಎಷ್ಟು?’ ಎಂದು. ಕೇಳಬೇಕಾದ ಪ್ರಶ್ನೆಯೇ. ಆದರೆ ಫೀಸು ಆ ಓದಿನ ಸಣ್ಣ ಖರ್ಚು. ದೊಡ್ಡ ಖರ್ಚನ್ನು ಯಾವ ಕಾಲೇಜೂ ಮುದ್ರಿಸಿ ಕೊಡುವುದಿಲ್ಲ. ಅದು ಆ ಎರಡು ವರ್ಷ ದುಡಿಯದೆ ಬಿಟ್ಟ ಸಂಬಳ.

ಈ ವರ್ಷ ಈ ಲೆಕ್ಕ ನಮ್ಮ ಮನೆಯೊಳಗೇ ಬಂದು ಕೂತಿತು. ನನ್ನ ಅಕ್ಕನ ಮಗಳು ಬಿ.ಎಸ್ಸಿ ಮುಗಿಸಿ ಬನ್ನೇರುಘಟ್ಟ ರಸ್ತೆಯ ಒಂದು ಕಚೇರಿಯಲ್ಲಿ ಡೇಟಾ ಕೆಲಸಕ್ಕಿದ್ದಾಳೆ. ಕೈಗೆ ಸಿಗುವುದು ತಿಂಗಳಿಗೆ ₹25,000. ಪುಟ್ಟೇನಹಳ್ಳಿಯಲ್ಲಿ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆ ಅವರ ಮನೆ. “ಚಿಕ್ಕಮ್ಮ, ಎಂ.ಎಸ್ಸಿ ಸ್ಟ್ಯಾಟ್ಸ್ ಮಾಡ್ತೀನಿ. ಪ್ರೈವೇಟ್ ಯೂನಿವರ್ಸಿಟೀಲಿ ಸೀಟು ಸಿಗುತ್ತೆ. ಐದು ಲಕ್ಷ ಲೋನ್ ತಗೊಂಡ್ರೆ ಮುಗೀತು. ಆವರೇಜ್ ಪ್ಯಾಕೇಜ್ ಆರು ಲಕ್ಷ ಅಂತೆ” ಎಂದಳು. ಇದೇ ಓದು ಓದಿ, ಸಾಲ ತೆಗೆದುಕೊಂಡವರಲ್ಲಿ ಯಾರು ಕಟ್ಟುತ್ತಾರೆ, ಯಾರು ಕಟ್ಟುವುದಿಲ್ಲ ಎಂದು ಅಂದಾಜು ಮಾಡುವ ಕೆಲಸದಲ್ಲಿ ವರ್ಷಗಟ್ಟಲೆ ಅನ್ನ ಉಂಡವಳು ನಾನು. ಇಬ್ಬರೂ ಕಾಗದ ಪೆನ್ನು ಹಿಡಿದು ಕೂತೆವು.

ಎರಡು ವರ್ಷ ಕೆಲಸ ಬಿಟ್ಟರೆ ಅವಳು ಕಳೆದುಕೊಳ್ಳುವುದು ₹6 ಲಕ್ಷ. ಸಂಬಳ ಏರಿಕೆಯನ್ನು ಸೇರಿಸಿಲ್ಲ. ಓದು ಮುಗಿದ ಮೇಲೆ ತಿಂಗಳಿಗೆ ₹40,000 ಕೈಗೆ ಬರುತ್ತದೆ ಎಂದಿಟ್ಟುಕೊಂಡೆವು, ಅಂದರೆ ಇಂದಿಗಿಂತ ₹15,000 ಹೆಚ್ಚು. ಹಾಕಿದ್ದು ವಾಪಸ್ ಬರಲು ಎಷ್ಟು ಕಾಲ ಬೇಕು?

ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಫೀಸು, ಪುಸ್ತಕ, ಓಡಾಟವೆಲ್ಲ ಸೇರಿ ಎರಡು ವರ್ಷಕ್ಕೆ ₹60,000 ಎಂದು ಹಿಡಿದರೆ ಒಟ್ಟು ಹೊರೆ ₹6.6 ಲಕ್ಷ. ತಿಂಗಳಿಗೆ ₹15,000ದಂತೆ 44 ತಿಂಗಳಲ್ಲಿ ತೀರುತ್ತದೆ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ, ಎಲ್ಲರೂ ಐಎಸ್ಐ ಎನ್ನುವುದು, ಎಂ.ಸ್ಟ್ಯಾಟ್ ವಿದ್ಯಾರ್ಥಿಗಳಿಂದ ಬೋಧನಾ ಶುಲ್ಕ ಕೇಳದೆ ತಿಂಗಳಿಗೆ ₹8,000 ಶಿಷ್ಯವೇತನವನ್ನೂ ಕೊಡುತ್ತ ಬಂದಿದೆ. ಅಲ್ಲಿ ಹೊರೆ ₹4.08 ಲಕ್ಷಕ್ಕೆ ಇಳಿಯುತ್ತದೆ, ಸುಮಾರು 27 ತಿಂಗಳ ಮಾತು. ಐಎಸ್ಐಗೆ ಮೈಸೂರು ರಸ್ತೆಯ 8ನೇ ಮೈಲಿಯಲ್ಲಿ ಕೇಂದ್ರವಿದೆ, ನಿಜ. ಆದರೆ ಎಂ.ಸ್ಟ್ಯಾಟ್‌ನ ಮುಖ್ಯ ನೆಲೆ ಕೋಲ್ಕತ್ತ. ಪ್ರವೇಶ ಪರೀಕ್ಷೆಯೂ ಸುಲಭದ್ದಲ್ಲ, ಪದವಿಯ ಗಣಿತ ಗಟ್ಟಿಯಾಗಿರಬೇಕು.

ಇನ್ನು ಸಾಲದ ದಾರಿ. ₹5 ಲಕ್ಷವನ್ನು ವರ್ಷಕ್ಕೆ ಎರಡೂವರೆಯಂತೆ ಶೇ 10ರ ಬಡ್ಡಿಗೆ ತೆಗೆದುಕೊಂಡಳು ಎನ್ನಿ. ಸಾಮಾನ್ಯವಾಗಿ ಓದುವ ಅವಧಿ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಏರುತ್ತಿರುತ್ತದೆ. ಈ ರಜಾ ಅವಧಿಯಲ್ಲಿ ಸರಳ ಬಡ್ಡಿಯೇ ₹1.25 ಲಕ್ಷವಾಗಿ ಅಸಲಿಗೆ ಸೇರುತ್ತದೆ. ಆ ₹6.25 ಲಕ್ಷಕ್ಕೆ ಏಳು ವರ್ಷದ ಇಎಂಐ ಸುಮಾರು ₹10,376. ಕೊನೆಗೆ ಕಟ್ಟಿದ ಮೊತ್ತ ₹8.7 ಲಕ್ಷ. ಬಿಟ್ಟ ಸಂಬಳವನ್ನೂ ಸೇರಿಸಿದರೆ ₹14.7 ಲಕ್ಷ. ವಾಪಸ್ ಬರಲು 98 ತಿಂಗಳು, ಎಂಟು ವರ್ಷಕ್ಕೂ ಮೇಲೆ. ಮೂರೂ ಕಡೆ ಕಲಿಸುವುದು ಹೆಚ್ಚುಕಡಿಮೆ ಅದೇ ಸಂಭವನೀಯತೆ, ಅದೇ ರಿಗ್ರೆಷನ್.

ಇಷ್ಟಾದ ಮೇಲೆ ಅವಳ ‘ಆವರೇಜ್ ಪ್ಯಾಕೇಜ್’ಗೆ ಬಂದೆವು. ಹತ್ತು ಜನರ ತರಗತಿಯಲ್ಲಿ ಒಂಬತ್ತು ಮಂದಿಗೆ ವರ್ಷಕ್ಕೆ ₹4 ಲಕ್ಷ, ಒಬ್ಬನಿಗೆ ₹24 ಲಕ್ಷ ಸಿಕ್ಕರೆ ಸರಾಸರಿ ₹6 ಲಕ್ಷ. ಕರಪತ್ರದಲ್ಲಿ ಸುಳ್ಳಿಲ್ಲ. ಆದರೆ ಆ ತರಗತಿಯಲ್ಲಿ ಆರು ಲಕ್ಷ ಪಡೆದವರು ಒಬ್ಬರೂ ಇಲ್ಲ. ಮಧ್ಯಾಂಕ ₹4 ಲಕ್ಷ. ಬಿ.ಎಸ್ಸಿಯ ಮೊದಲ ಸೆಮಿಸ್ಟರಿನಲ್ಲೇ ಇದನ್ನು ಓದಿ ಅಂಕ ಗಳಿಸಿದ ಹುಡುಗಿ, ತನ್ನದೇ ದುಡ್ಡಿನ ವಿಷಯಕ್ಕೆ ಬಂದಾಗ ಸರಾಸರಿಯನ್ನು ನಂಬಿ ಕೂತಿದ್ದಳು. ₹4 ಲಕ್ಷದ ಪ್ಯಾಕೇಜಿನಲ್ಲಿ ಕೈಗೆ ಬರುವುದು ₹31,000ದ ಆಸುಪಾಸು. ಅದರಲ್ಲಿ ಇಎಂಐ ಕಳೆದರೆ ಉಳಿಯುವುದು ₹20,600. ಈಗಿನ ₹25,000ಕ್ಕಿಂತ ಕಡಿಮೆ! “ಅಂದ್ರೆ ಓದಿದ್ದಕ್ಕೆ ದಂಡ ಕಟ್ಟಿದ ಹಾಗೆ” ಎಂದಳು. ಸಾಲ ಮಾಡದೆ ಓದಿದವಳಿಗೆ ಅದೇ ಕೆಲಸದಲ್ಲಿ ಪೂರ್ತಿ ₹31,000 ಉಳಿಯುತ್ತದೆ.

ಪುಟ್ಟೇನಹಳ್ಳಿ ಕೆರೆಯ ಸುತ್ತ ಸಂಜೆ ನಡೆಯಲು ಬರುವ ಅಪ್ಪಂದಿರು ಈ ಮಾತಿಗೆ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರನ್ನು ಎದುರಿಡುತ್ತಾರೆ. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ತೆಲುಗು ಮನೆಯೊಂದರಲ್ಲಿ ಹುಟ್ಟಿದವರು. 1945ರಲ್ಲಿ, ಇಪ್ಪತ್ತೈದು ತುಂಬುವ ಹೊತ್ತಿಗೆ, ಅವರು ಬರೆದ ಒಂದು ಪ್ರಬಂಧದಲ್ಲಿನ ಫಲಿತಾಂಶವನ್ನು ಜಗತ್ತು ಇಂದಿಗೂ ಕ್ರಾಮರ್-ರಾವ್ ಮಿತಿ ಎಂದು ಕಲಿಯುತ್ತದೆ. 2023ರಲ್ಲಿ, 102ರ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು, 80,000 ಡಾಲರ್ ಜೊತೆಗೆ. ಹೆಮ್ಮೆಪಡೋಣ. ಆದರೆ ಮನೆಯ ಬಜೆಟ್ಟನ್ನು ಅವರನ್ನು ನೋಡಿ ಹಾಕುವಂತಿಲ್ಲ. ನಮ್ಮ ಭಾಷೆಯಲ್ಲಿ ಅವರು ಔಟ್‌ಲೈಯರ್, ಎಲ್ಲರಿಂದ ದೂರ ಬಿದ್ದ ಬಿಂದು.

ಅವರ ಬದುಕಿನಿಂದ ಹಣಕಾಸಿಗೆ ತೆಗೆದುಕೊಳ್ಳಬೇಕಾದದ್ದು ಬೇರೆ ಇದೆ. ಗಣಿತದ ಎಂ.ಎ ಮುಗಿಸಿದ ಅವರು ಕಲ್ಕತ್ತೆಗೆ ಹೋದದ್ದು ಸೇನೆಯ ಸರ್ವೆ ಘಟಕದ ಕೆಲಸದ ಸಂದರ್ಶನಕ್ಕೆ. ಆ ಕೆಲಸ ಸಿಗಲಿಲ್ಲ. ಐಎಸ್ಐನಲ್ಲಿ ತರಬೇತಿ ಪಡೆಯುತ್ತಿದ್ದವರೊಬ್ಬರ ಪರಿಚಯವಾಗಿ ಅಲ್ಲಿಗೆ ಸೇರಿದರು. 1941ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ಸಂಖ್ಯಾಶಾಸ್ತ್ರದ ಎಂ.ಎ ಆರಂಭಿಸಿತು. 1943ರಲ್ಲಿ ಅವರು ಚಿನ್ನದ ಪದಕದೊಂದಿಗೆ ಹೊರಬಂದರು. ಕೈಯಲ್ಲಿ ಕೆಲಸವಿಲ್ಲದಾಗ ಓದಿದವರಿಗೆ ‘ಬಿಟ್ಟ ಸಂಬಳ’ ಎಂಬ ಖರ್ಚೇ ಇರುವುದಿಲ್ಲ. ಹಾಗಾಗಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ಎಂ.ಎಸ್ಸಿ ಅಗ್ಗ. ತಿಂಗಳಿಗೆ ಅರವತ್ತು ಸಾವಿರ ದುಡಿಯುತ್ತಿರುವವರಿಗೆ ಅದೇ ಓದು, ಅದೇ ಬೆಂಚು, ಹದಿನಾಲ್ಕು ಲಕ್ಷಕ್ಕೂ ಮೇಲೆ.

ನಾನು ಎಂ.ಎಸ್ಸಿಗೆ ಸೇರಿದಾಗ ಅಮ್ಮ ಹೇಳಿದ ಮಾತು ನೆನಪಿದೆ: “ಓದೋಳಿಗೆ ಸಂಬಳ ಯಾರೂ ಕೊಡಲ್ಲ, ಬಸ್ ಚಾರ್ಜು ಮಾತ್ರ ದಿನಾ ಕೇಳ್ತಾರೆ.” ಮನೆ ಇಲ್ಲೇ ಇದ್ದುದರಿಂದ ಬಾಡಿಗೆ, ಊಟದ ಖರ್ಚಿರಲಿಲ್ಲ. ಬೆಂಗಳೂರಿನ ಮಕ್ಕಳಿಗೆ ಇದಕ್ಕಿಂತ ದೊಡ್ಡ ವಿದ್ಯಾರ್ಥಿವೇತನ ಇಲ್ಲ. ಆಗ ಬನಶಂಕರಿಯಲ್ಲಿ ಬಸ್ ಬದಲಿಸಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಸೇರಬೇಕಿತ್ತು. ಈಗ ಜೆ.ಪಿ. ನಗರದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ನೇರ ಜ್ಞಾನಭಾರತಿ ನಿಲ್ದಾಣ. ಹೊತ್ತು ಹೆಚ್ಚು ಹಿಡಿದರೂ ಪರವಾಗಿಲ್ಲ ಎನ್ನುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಬಿಎಂಟಿಸಿ ಬಸ್ಸು ಉಚಿತ.

ಕೈಖರ್ಚಿಗೆ ನಾನು ನೆಚ್ಚಿದ್ದು ಮನೆಪಾಠ. ಪಿಯುಸಿ ವಾಣಿಜ್ಯದಲ್ಲಿ ಸೆಬಾ ಎಂಬ ವಿಷಯಗುಚ್ಛ ತೆಗೆದುಕೊಂಡವರಿಗೆ ಸಂಖ್ಯಾಶಾಸ್ತ್ರ ಒಂದು ಪೂರ್ತಿ ವಿಷಯ. ಸಿಎ ಫೌಂಡೇಷನ್‌ನಲ್ಲೂ ಅದು ಬರುತ್ತದೆ. ಗಣಿತದ ಮೇಷ್ಟ್ರು ಬೀದಿಗೊಬ್ಬರು ಸಿಗುತ್ತಾರೆ, ಸ್ಟ್ಯಾಟ್ಸ್ ಹೇಳಿಕೊಡುವವರು ಈಗಲೂ ಅಪರೂಪ. ಜೆ.ಪಿ. ನಗರ 7ನೇ ಹಂತದ ಎರಡು ಮೂರು ಮನೆಗಳ ಪಾಠದಿಂದ ನನ್ನ ಬಸ್ಸು, ಪುಸ್ತಕ, ಪರೀಕ್ಷೆ ಶುಲ್ಕ ನಡೆದುಹೋಯಿತು. ಎಂ.ಎಸ್ಸಿಯಲ್ಲಿ ಕಲಿತದ್ದು ಎಷ್ಟು ಅರ್ಥವಾಗಿದೆ ಎಂಬುದೂ ಅಲ್ಲೇ ತಿಳಿಯುತ್ತಿತ್ತು.

ಸಾಲ ಮಾಡಲೇಬೇಕಾದವರು ಪಾಠದ ದುಡ್ಡನ್ನು ಬಡ್ಡಿಗೆ ಹಾಕಬಹುದು. ಮೊದಲ ವರ್ಷ ₹2.5 ಲಕ್ಷದ ಮೇಲಿನ ಬಡ್ಡಿ ತಿಂಗಳಿಗೆ ಸುಮಾರು ₹2,083. ರಜಾ ಅವಧಿಯುದ್ದಕ್ಕೂ ಬಡ್ಡಿ ಕಟ್ಟುತ್ತ ಹೋದರೆ ಇಎಂಐ ₹10,376ರ ಬದಲು ₹8,301ಕ್ಕೆ ನಿಲ್ಲುತ್ತದೆ. ಹೀಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿದರದಲ್ಲೂ ರಿಯಾಯಿತಿ ಕೊಡುತ್ತವೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ವಾರ್ಷಿಕ ಆದಾಯ ₹8 ಲಕ್ಷದವರೆಗಿನ ಕುಟುಂಬಕ್ಕೆ, ₹10 ಲಕ್ಷದವರೆಗಿನ ಸಾಲದ ಮೇಲೆ, ರಜಾ ಅವಧಿಯ ಬಡ್ಡಿಯಲ್ಲಿ ಶೇ 3 ಸಹಾಯಧನವಿದೆ. ಸೇರುವ ಸಂಸ್ಥೆ ಅದರ ಪಟ್ಟಿಯಲ್ಲಿದೆಯೇ ಎಂದು ಅರ್ಜಿಗೆ ಮುಂಚೆ ನೋಡಿ.

ಸಾಲ ಕೊಡಿಸುವವರು ತಪ್ಪದೆ ಹೇಳುವ ಮಾತು ‘80ಇ ತೆರಿಗೆ ಲಾಭ’. ಬಡ್ಡಿಗೆ ಎಂಟು ವರ್ಷ ವಿನಾಯಿತಿ ಇರುವುದು ನಿಜ, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2025-26ರಿಂದ ಹೊಸ ಪದ್ಧತಿಯಲ್ಲಿ ₹12 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಇಲ್ಲ. ನಾಲ್ಕು ಲಕ್ಷ ದುಡಿಯುವವಳಿಗೆ ಉಳಿಸಲು ತೆರಿಗೆ ಎಲ್ಲಿದೆ? ಆ ಲಾಭವನ್ನು ಲೆಕ್ಕದಲ್ಲಿ ಸೊನ್ನೆ ಎಂದೇ ಬರೆದುಕೊಳ್ಳಿ.

ಸಾಲಕ್ಕೆ ಮುಂಚೆ ಕೇಳಬೇಕಾದ ಬಾಗಿಲುಗಳಿವೆ. ಯುಜಿಸಿಯ ಸ್ನಾತಕೋತ್ತರ ವಿದ್ಯಾರ್ಥಿವೇತನ ಆಯ್ಕೆಯಾದವರಿಗೆ ತಿಂಗಳಿಗೆ ₹15,000ದಂತೆ ವರ್ಷದಲ್ಲಿ ಹತ್ತು ತಿಂಗಳು ಬರುತ್ತದೆ. ಪಿಯುಸಿ ಅಂಕದ ಮೇಲೆ ಇನ್‌ಸ್ಪೈರ್ ಪಡೆದವರಿಗೆ ವರ್ಷಕ್ಕೆ ₹80,000. ಅದರ ವಿಷಯಪಟ್ಟಿಯಲ್ಲಿ ಸಂಖ್ಯಾಶಾಸ್ತ್ರವಿದೆ, ಎಂ.ಎಸ್ಸಿಗೂ ಮುಂದುವರಿಯುತ್ತದೆ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್. ಕೆಲಸ ಬಿಡಲಾಗದವರಿಗೆ ಇಗ್ನೊದ ದೂರಶಿಕ್ಷಣದಲ್ಲಿ ಅನ್ವಯಿಕ ಸಂಖ್ಯಾಶಾಸ್ತ್ರದ ಎಂ.ಎಸ್ಸಿ ಇದೆ. ಸಂಬಳ ನಿಲ್ಲುವುದಿಲ್ಲ, ಕ್ಯಾಂಪಸ್ ನೇಮಕಾತಿ ಮಾತ್ರ ಸಿಗುವುದಿಲ್ಲ.

ರಾಜೀನಾಮೆ ಕೊಡುವವರು ಇನ್ನೂ ಒಂದು ನೋಡಬೇಕು. ಕಚೇರಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನವೇ ಮುಗಿಯುತ್ತದೆ. ಅಪ್ಪ ಅಮ್ಮ ಅದೇ ಪಾಲಿಸಿಯಲ್ಲಿದ್ದರೆ ಬೇರೆ ಪಾಲಿಸಿ ಕೈಗೆ ಬಂದ ಮೇಲೆ ರಾಜೀನಾಮೆ ಪತ್ರ ಬರೆಯಿರಿ.

ಓದು ಮುಗಿದ ಮೇಲೆ? ಬ್ಯಾಂಕು, ವಿಮೆ, ಔಷಧ ಪ್ರಯೋಗದ ಕಂಪನಿಗಳು ನಮ್ಮವರನ್ನು ಕರೆಯುತ್ತವೆ. ಕಾಲೇಜು ಉಪನ್ಯಾಸಕರಾಗಲು ನೆಟ್ ಅಥವಾ ಕೆ-ಸೆಟ್ ಬೇಕು. ನೆಟ್ ಬರೆಯುವವರು ಸಿಎಸ್‌ಐಆರ್‌ನ ಗಣಿತ ವಿಜ್ಞಾನ ಪತ್ರಿಕೆಗೆ ಕೂರಬೇಕು. ಯುಪಿಎಸ್‌ಸಿ ಪರೀಕ್ಷೆಯ ಮೂಲಕ ಸೇರುವ ಭಾರತೀಯ ಸಂಖ್ಯಾಶಾಸ್ತ್ರ ಸೇವೆಯಲ್ಲಿ ಮೂಲವೇತನವೇ ₹56,100ರಿಂದ ಆರಂಭ. ಸಂಖ್ಯಾಶಾಸ್ತ್ರ ಓದಿದ ಪದವೀಧರರೂ ಆ ಪರೀಕ್ಷೆ ಬರೆಯಬಹುದು. ಅದೊಂದೇ ಗುರಿಯಾದವರು ಎಂ.ಎಸ್ಸಿಗೆ ಸಾಲ ಮಾಡಬೇಕಿಲ್ಲ.

ಅಕ್ಕನ ಮಗಳು ಸದ್ಯ ಕೆಲಸ ಬಿಟ್ಟಿಲ್ಲ. ಐಐಟಿಗಳ ಎಂ.ಎಸ್ಸಿ ಪ್ರವೇಶಕ್ಕಿರುವ ಫೆಬ್ರುವರಿಯ ಜಾಮ್ ಪರೀಕ್ಷೆಗೆ ಗಣಿತೀಯ ಸಂಖ್ಯಾಶಾಸ್ತ್ರ, ಮೇನಲ್ಲಿ ಐಎಸ್ಐ, ಜೊತೆಗೆ ಜ್ಞಾನಭಾರತಿಗೊಂದು ಅರ್ಜಿ ಎಂದು ಯೋಜನೆ ಹಾಕಿಕೊಂಡಿದ್ದಾಳೆ. ಖಾಸಗಿಯವರಿಗೆ ಫೋನ್ ಮಾಡಿ ಕಳೆದ ವರ್ಷದ ಮಧ್ಯಾಂಕ ಸಂಬಳ ಎಷ್ಟು, ಕೆಲಸ ಸಿಗದವರನ್ನೂ ಸೇರಿಸಿ ಲೆಕ್ಕ ಹಾಕಿದ್ದೀರಾ ಎಂದು ಕೇಳಿದಳು. ವಿಚಾರಿಸಿ ಹೇಳುತ್ತೇವೆ ಎಂದರಂತೆ. ಆ ಸಂಖ್ಯೆ ಬರಲಿ. ಅದರಲ್ಲಿ ಇಎಂಐ ಕಳೆದ ಮೇಲೂ ಇಂದಿನ ಸಂಬಳಕ್ಕಿಂತ ಹೆಚ್ಚು ಉಳಿಯುವುದಾದರೆ ಸಾಲಕ್ಕೆ ನಾನೇ ಜಾಮೀನು ಹಾಕುತ್ತೇನೆ ಎಂದಿದ್ದೇನೆ. ಸಂಖ್ಯೆ ಬಾರದಿದ್ದರೆ ಸಾಲವೂ ಬೇಡ.